ಸೇನಾ ದಾಖಲೆಯಲ್ಲಿ ಓದಿನ ಪ್ರಮಾಣಪತ್ರ ಬಿಟ್ಟುಹೋಗಿದ್ದರೆ

ಪುಣೆ ಗುಂಪಿನ ಸೈನಿಕ ಬಂಧುಗಳೇ, ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಯಾವುದೇ ಇರಲಿ, ಅಂಕಪಟ್ಟಿಯ ನಕಲನ್ನು ಯೂನಿಟ್ ಆಫೀಸಿಗೆ ಕೊಟ್ಟ ಮಾತ್ರಕ್ಕೆ ಅದು ದಾಖಲೆಗೆ ಏರುವುದಿಲ್ಲ. ಯೂನಿಟ್‌ನಿಂದ ಪಾರ್ಟ್ ಟು ಆರ್ಡರ್ (ಸೈನಿಕನ ದಾಖಲೆಯಲ್ಲಿನ ಬದಲಾವಣೆ ತಿಳಿಸುವ ಅಧಿಕೃತ ಆದೇಶ) ಹೊರಟು, ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸ್ ಒಪ್ಪಿಕೊಂಡಾಗಲೇ ಏರುವುದು. ಆ ಆರ್ಡರ್‌ನ ನಂಬರು, ತಾರೀಖು ತಪ್ಪದೆ ಕೇಳಿ ಬರೆದಿಟ್ಟುಕೊಳ್ಳಿ.

ಹೆಚ್ಚಾಗಿ ತೊಡಕಾಗುವುದು ಹೆಸರಿನಲ್ಲಿ. ನಮ್ಮ ಕರ್ನಾಟಕದ ಕಡೆಯ ಅಂಕಪಟ್ಟಿಯಲ್ಲಿ ಇನಿಷಿಯಲ್, ಸೇನೆಯಲ್ಲಿ ಪೂರ್ತಿ ಹೆಸರು. ಒಂದಕ್ಷರ ಬೇರೆಯಾದರೂ ಕಾಗದ ವಾಪಸ್ ಬರಬಹುದು. ಹುಟ್ಟಿದ ತಾರೀಖನ್ನೂ ಹೋಲಿಸಿ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ. ಅಸಲು ಪ್ರತಿಯನ್ನು ಅಂಚೆಯಲ್ಲಿ ಕಳಿಸಲೇಬೇಡಿ.

ನಿವೃತ್ತರು ತಮ್ಮ ರೆಜಿಮೆಂಟಿನ ರೆಕಾರ್ಡ್ಸ್‌ಗೇ ಬರೆಯಬೇಕು: ಬಾಂಬೆ ಸ್ಯಾಪರ್ಸ್‌ಗೆ (ಸೇನಾ ಎಂಜಿನಿಯರ್ ಪಡೆ) ಇಲ್ಲೇ ಪುಣೆಯ ಖಡಕಿ, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಆರ್ಟಿಲರಿಗೆ ನಾಸಿಕ್ ರೋಡ್. ನಿವೃತ್ತಿಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನ ನಕಲು ಜೊತೆಗಿರಲಿ.

ಇದನ್ನು ಹಗುರವಾಗಿ ನೋಡಬೇಡಿ. ಮೆಟ್ರಿಕ್ (ಎಸ್ಸೆಸ್ಸೆಲ್ಸಿ) ಪಾಸಾಗಿ ಕನಿಷ್ಠ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರನ್ನು, ತಾಂತ್ರಿಕ ಅನುಭವ ಬೇಡದ ಕೇಂದ್ರ ಸರ್ಕಾರದ, ಮಾಜಿ ಸೈನಿಕರಿಗೆ ಮೀಸಲಾದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸಬಹುದು. ದಾಖಲೆಯಲ್ಲಿ ಮೆಟ್ರಿಕ್ಕೇ ಇಲ್ಲದಿದ್ದರೆ ಆ ಅವಕಾಶಕ್ಕೇ ಪೆಟ್ಟು. ಸೇವೆಯಲ್ಲಿರುವಾಗಲೇ ಹೆಡ್ ಕ್ಲರ್ಕ್ ಬಳಿ ಕೂತು ಸರಿಮಾಡಿಸಿಕೊಳ್ಳಿ.