ಬೆಡ್‌ಶೀಟ್ ಹೊದ್ದು ಮಲಗಿದ ಮಿಷಿನ್: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಎರಡು ಅರ್ಜಿ ಕೊಟ್ಟೆ, ಒಂದಕ್ಕೆ ಮಲಯಾಳದಲ್ಲಿ ಉತ್ತರ ಬಂತು, ಇನ್ನೊಂದಕ್ಕೆ ಅದೂ ಇಲ್ಲ. ಕಾಸರಗೋಡಿನವ್ರು ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲೇ ಉತ್ತರ ಬರ್ಬೇಕು ಅಂತ ಕೇರಳದ 1969ರ ಕಾನೂನಲ್ಲಿ ಉಂಟು, ಅದನ್ನು ನಿಮಗೆ ನಾನು ಹೇಳಿಕೊಡ್ಬೇಕಾ?

ವಿಷಯ ಇಷ್ಟೇ. ನಮ್ಮ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ (ಯಾವುದಂತ ನಿಮಗೆ ಗೊತ್ತುಂಟು, ರಿಬ್ಬನ್ ಕತ್ತರಿಸಿದ್ದು ನೀವೇ) ರಕ್ತನಾಳ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಮಿಷಿನ್ ಉಂಟಲ್ಲ, ಅದನ್ನು ಓಡಿಸಿ.

ಅಮ್ಮನಿಗೆ 71, ಶುಗರ್ ಉಂಟು, ಬಿಪಿ ಮೇಲಿನದ್ದು 170, ಕೆಳಗಿನದ್ದು 70. ಇಷ್ಟು ಅಂತರ ಇದ್ರೆ ದೊಡ್ಡ ನಾಳ ಗಟ್ಟಿಯಾಗಿರ್ಬಹುದು, ಟೆಸ್ಟ್ ಮಾಡಿಸಿ ಅಂದ್ರು ಡಾಕ್ಟ್ರು. ಸೂಜಿ ಇಲ್ಲ, ರಕ್ತ ತೆಗೆಯುದಿಲ್ಲ, ಕುತ್ತಿಗೆಗೆ ಪೆನ್ನಿನ ಹಾಗಿದ್ದು ಒಂದು ಒತ್ತಿ ಹಿಡಿದು ತೊಡೆಗೆ ಪಟ್ಟಿ ಕಟ್ತಾರಂತೆ, ನಾಡಿಯ ಅಲೆ ಎಷ್ಟು ವೇಗದಲ್ಲಿ ಹೋಗ್ತದೆ ಅಂತ ಲೆಕ್ಕ. ನಾಳ ಮೆತ್ತಗಿದ್ರೆ ಅಲೆ ನಿಧಾನ, ಗಟ್ಟಿಯಾದ್ರೆ ಓಟ, ಸೆಕೆಂಡಿಗೆ 10 ಮೀಟರ್ ದಾಟಿದ್ರೆ ಹೃದಯಕ್ಕೆ ಒಳ್ಳೆದಲ್ಲ.

ಟೆಸ್ಟಿಗೆ ಮೊದ್ಲು ಎಂತ ಮಾಡ್ಬೇಕು ಅಂತ ಒಂದು ಚೀಟಿ ಕೊಟ್ರು, ಪೂರ್ತಿ ಮಲಯಾಳ. ನಮಗೆ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ. ರಕ್ತ ಪರೀಕ್ಷೆಯ ಹಾಗೆ ಖಾಲಿ ಹೊಟ್ಟೆ ಇರ್ಬೇಕು ಅಂತ ಗ್ರಹಿಸಿ ಅಮ್ಮ ರಾತ್ರಿಯಿಂದ ಉಪವಾಸ, ಬೆಳಿಗ್ಗೆ ಶುಗರಿನ ಗುಳಿಗೆ ಮಾತ್ರ ನುಂಗಿ ಬಸ್ಸು ಹತ್ತಿದ್ರು, ಹನ್ನೊಂದು ಗಂಟೆಗೆ ಕ್ಯೂನಲ್ಲಿ ಬೆವರಿ ಬೆಂಚಿಂದ ಜಾರಿಯೇ ಬಿಟ್ರು. ಪಕ್ಕದಲ್ಲಿದ್ದ ಬ್ಯಾರಿ ಹೆಂಗಸು ತನ್ನ ಮಗುವಿನ ಕೈಯಿಂದ ಪೆಪ್ಪರ್‌ಮಿಂಟ್ ಕಿತ್ತು ಅಮ್ಮನ ಬಾಯಿಗೆ ಹಾಕಿದ್ರು, ಮಗು ಕಿರುಚಿ ಅತ್ತದ್ದು ಈಗಲೂ ಕಿವಿಯಲ್ಲಿ ಉಂಟು. ಆಮೇಲೆ ನರ್ಸ್ ಬಂದು, ಮೂರು ಗಂಟೆ ಊಟ ಕಾಫಿ ಬೇಡ ಅಂತ ಮಾತ್ರ ಬರೆದದ್ದು, ಓದಿಲ್ವಾ ಅಂತ ನಮಗೇ ಜೋರು!

ಇಷ್ಟಾದ ಮೇಲೆ ಗೊತ್ತಾಯ್ತು, ಮಿಷಿನ್ ಓಡಿಸುವವ್ರಿಗೆ ಟ್ರಾನ್ಸ್‌ಫರ್ ಆಗಿ ನಾಲ್ಕು ತಿಂಗಳಾಗಿದೆ. ಒಳಗೆ ಇಣುಕಿ ನೋಡಿದೆ. ಬೆಡ್‌ಶೀಟ್ ಹೊದಿಸಿಟ್ಟಿದ್ದಾರೆ, ಮೇಲೆ ಯಾರದ್ದೋ ಟಿಫಿನ್ ಬಾಕ್ಸ್. ಅದಕ್ಕಾದ್ರೂ ಉಪಯೋಗ ಆಯ್ತಲ್ಲ, ಸಂತೋಷ.

ಮಂಗಳೂರಿಗೆ ಕರ್ಕೊಂಡು ಹೋಗಿ ಅಂತೀರಿ. 2020ರಲ್ಲಿ ಕೊರೊನಾ ಅಂತ ಕರ್ನಾಟಕದವ್ರು ಗಡಿ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಿದಾಗ ಇಲ್ಲಿಯ ರೋಗಿಗಳ ಗತಿ ಎಂತ ಆಯ್ತು ಅಂತ ಮರ್ತುಹೋಯ್ತಾ ಮಾರಾಯ್ರೆ?

ಒಬ್ಬ ಟೆಕ್ನಿಶಿಯನ್ ಹಾಕಿಸಿ, ಮಿಷಿನ್ ಓಡಿಸಿ. ಚೀಟಿ ಕನ್ನಡದಲ್ಲೂ ಪ್ರಿಂಟ್ ಹಾಕಿಸಿ, ಬರೆದುಕೊಡುವವ್ರು ಇಲ್ಲದಿದ್ರೆ ನಾನೇ ಬರೆದುಕೊಡ್ತೇನೆ, ದುಡ್ಡು ಬೇಡ. ಮಿಷಿನ್ ಮಾತ್ರ ಓಡಿಸಿ.

ಇತಿ,
ಮುಳ್ಳೇರಿಯದ ಒಬ್ಬ ಮತದಾರ
(ಈ ಸಲವೂ ಉತ್ತರ ಮಲಯಾಳದಲ್ಲೇ ಆದ್ರೆ ಓದಿ ಹೇಳ್ಲಿಕ್ಕೆ ಒಬ್ಬ ಜನವನ್ನೂ ಕಳಿಸಿ.)