ಯೂರೋಪಿಗೆ ಹೊರಟ ಪುಟ್ಟನಿಗೆ, ಎರಡು ಕಾರ್ಡಿನ ಮಾತು

ಮೈಸೂರು

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿಮ್ಮ ನಾಲ್ಕೂ ಜನರ ವೀಸಾ ಬಂದಿದ್ದು ಕೇಳಿ ತುಂಬಾ ಖುಷಿಯಾಯಿತು. ಈ ವಯಸ್ಸಿನಲ್ಲಿ ಅಪ್ಪ ಅಮ್ಮನನ್ನು ಮ್ಯೂನಿಕ್, ಸ್ವಿಟ್ಜರ್ಲೆಂಡ್, ಪ್ರಾಗ್ ಅಂತ ಸುತ್ತಿಸಿಕೊಂಡು ಬರಬೇಕು ಅಂತ ನಿನಗೆ, ನಿನ್ನ ಹೆಂಡತಿಗೆ ಅನಿಸಿತಲ್ಲ, ಅದೇ ದೊಡ್ಡದು.

ಮೊನ್ನೆ ಫೋನಿನಲ್ಲಿ ನೀನು "ಕ್ರೆಡಿಟ್ ಕಾರ್ಡ್ ಇದೆಯಲ್ಲ ಅತ್ತೆ, ಸುಮ್ನೆ ಫಾರೆಕ್ಸ್ ಕಾರ್ಡ್ ಯಾಕೆ?" ಅಂದೆ. ಅಣ್ಣ ಪಕ್ಕದಿಂದ "ಅದು ಸಾಲದ ಕಾರ್ಡು ಕಣೋ, ಇರೋ ದುಡ್ಡೆಲ್ಲ ಪ್ರೀಪೇಯ್ಡ್ ಕಾರ್ಡಿಗೇ ಹಾಕು" ಅಂದ. ಅಣ್ಣ ಹೇಳಿದ ಪ್ರೀಪೇಯ್ಡ್ ಕಾರ್ಡು ಅಂದರೆ ಆ ಫಾರೆಕ್ಸ್ ಕಾರ್ಡೇ, ಮೊದಲೇ ವಿದೇಶಿ ಹಣ ತುಂಬಿಸಿಟ್ಟು ಬಳಸುವುದು. ಇಬ್ಬರೂ ಒಂದೇ ಕಾರ್ಡಿನಲ್ಲಿ ಎಲ್ಲ ಮುಗಿಸಲು ನೋಡುತ್ತಿದ್ದೀರಿ. ಅದು ಬೇಡ. ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿ ಕೂತು ಇಷ್ಟು ವರ್ಷ ನಾನು ನೋಡಿದ್ದು ಏನೆಂದರೆ, ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಕೊಟ್ಟಾಗಲೇ ದುಡ್ಡು ಸೋರುವುದು.

ಮೊದಲು ಕ್ರೆಡಿಟ್ ಕಾರ್ಡಿನ ಲೆಕ್ಕ ಹೇಳುತ್ತೇನೆ. ಹೊರದೇಶದಲ್ಲಿ ಅದನ್ನು ಉಜ್ಜಿದರೆ ಬ್ಯಾಂಕು ವಿನಿಮಯ ದರದ ಮೇಲೆ ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ ಹಾಕುತ್ತದೆ. ಸಾಮಾನ್ಯ ಕಾರ್ಡುಗಳಲ್ಲಿ ಅದು ಶೇ 3.5ರ ಆಸುಪಾಸು. ಆ ಮಾರ್ಕಪ್ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಅಂದರೆ ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ 3,500 ಮಾರ್ಕಪ್, 630 ಜಿಎಸ್‌ಟಿ, ಒಟ್ಟು 4,130 ರೂಪಾಯಿ. ನಾಲ್ಕು ಜನರ ಊಟ, ಓಡಾಟ, ಟಿಕೆಟ್ಟು ಅಂತ ನಾಲ್ಕು ಲಕ್ಷ ಆಯಿತು ಅನ್ನು. ಹದಿನಾರು ಸಾವಿರಕ್ಕೂ ಜಾಸ್ತಿ ಸುಮ್ಮನೆ ಹೋಯಿತು. ನೀನು ಹೇಳುವ ರಿವಾರ್ಡ್ ಪಾಯಿಂಟ್ ಇದರ ಮುಂದೆ ಏನೂ ಅಲ್ಲ. ಮಾರ್ಕಪ್ ಕಡಿಮೆ ಇರುವ, ಇಲ್ಲವೇ ಇಲ್ಲದ ಕಾರ್ಡುಗಳೂ ಇವೆ. ನಿನ್ನದು ಯಾವುದು ಅಂತ ಬ್ಯಾಂಕಿನ ಶುಲ್ಕದ ಪಟ್ಟಿ ತೆಗೆದು ಇವತ್ತೇ ನೋಡು. ಗೆಳೆಯರು ಹೇಳಿದ್ದನ್ನು ನಂಬಿಕೊಂಡು ಹೋಗಬೇಡ.

ಇನ್ನು ಪ್ರೀಪೇಯ್ಡ್ ಕಾರ್ಡು. ನಮ್ಮ ಕಾಲದಲ್ಲಿ ಟ್ರಾವೆಲರ್ಸ್ ಚೆಕ್ ಇತ್ತು. ಕೌಂಟರಿನಲ್ಲಿ ನಮ್ಮೆದುರು ಒಂದು ಸಹಿ, ಅಲ್ಲಿ ಹೋಗಿ ಇನ್ನೊಂದು ಸಹಿ. ಆ ಜಾಗಕ್ಕೆ ಬಂದಿದ್ದೇ ಈ ಫಾರೆಕ್ಸ್ ಕಾರ್ಡು. ಇಲ್ಲಿಂದಲೇ ಯೂರೋ ಕೊಂಡು ತುಂಬಿಸಿಕೊಂಡು ಹೋಗುತ್ತೀಯ. ತುಂಬಿಸಿದ ದಿನದ ದರವೇ ಕೊನೆವರೆಗೂ. ಆಮೇಲೆ ರೂಪಾಯಿ ಕುಸಿದರೂ ನಿನಗೆ ಚಿಂತೆ ಇಲ್ಲ. ಯೂರೋ ತುಂಬಿಸಿ ಯೂರೋದಲ್ಲೇ ಖರ್ಚು ಮಾಡಿದರೆ ಆ ಶೇ 3.5 ಇರುವುದಿಲ್ಲ. ಅಣ್ಣನಿಗೆ ಇದು ಯಾಕೆ ಇಷ್ಟ ಅಂತಲೂ ನನಗೆ ಗೊತ್ತು. ಹಾಕಿದಷ್ಟೇ ಖರ್ಚು, ಊರಿಗೆ ಬಂದ ಮೇಲೆ ಬಿಲ್ ಬರುವುದಿಲ್ಲ.

ಆದರೆ ಇದರಲ್ಲೂ ಬ್ಯಾಂಕಿಗೆ ಲಾಭ ಇದೆ, ಅದು ದರದೊಳಗೆ ಅಡಗಿರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಪೇಟೆಯಲ್ಲಿ ಯೂರೋಗೆ 100 ರೂಪಾಯಿ ಅಂದುಕೋ. ನಿನಗೆ ಒಬ್ಬರು 101ಕ್ಕೆ ಕೊಡಬಹುದು, ಇನ್ನೊಬ್ಬರು 103 ಹೇಳಬಹುದು. ಇಬ್ಬರ ಬೋರ್ಡಿನಲ್ಲೂ "ಯಾವ ಶುಲ್ಕವೂ ಇಲ್ಲ" ಅಂತಲೇ ಬರೆದಿರುತ್ತದೆ. 103 ಹೇಳಿದವನ ಹತ್ತಿರ ತಗೊಂಡರೆ ನೀನು ಶೇ 3 ಇಲ್ಲೇ ಕೊಟ್ಟು ಹೊರಟ ಹಾಗೆ. ಹಾಗಾಗಿ ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಕೇಳು. "ಇಷ್ಟು ಯೂರೋ ಕಾರ್ಡಿಗೆ ಹಾಕಿಸಲು ಜಿಎಸ್‌ಟಿ ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ?" ಈ ಒಂದೇ ಪ್ರಶ್ನೆ ಸಾಕು. ಚೌಕಾಸಿಯೂ ನಡೆಯುತ್ತದೆ, ನಾಚಿಕೆ ಬೇಡ. ಏರ್‌ಪೋರ್ಟಿನ ಕೌಂಟರಿಗೆ ಮಾತ್ರ ಕೊನೆ ಗಳಿಗೆಗೆ ಅಂತ ಬಿಡಬೇಡ. ಅಲ್ಲಿ ದರ ಕೈ ಕಚ್ಚುತ್ತದೆ.

ನೀವು ಹೋಗುತ್ತಿರುವ ಮೂರು ದೇಶಕ್ಕೆ ಮೂರು ನಾಣ್ಯ. ಇದನ್ನು ನೀನು ಯೋಚಿಸಿಲ್ಲ ಅನಿಸುತ್ತದೆ. ಜರ್ಮನಿಯಲ್ಲಿ ಯೂರೋ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ಪ್ರಾಗ್ ಇರುವ ಚೆಕ್ ಗಣರಾಜ್ಯ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಚೆಕ್ ಕೊರುನಾ. ನಿನ್ನ ಕಾರ್ಡಿನಲ್ಲಿ ಬರೀ ಯೂರೋ ಇದ್ದು ನೀನು ಝ್ಯೂರಿಕ್‌ನಲ್ಲಿ ಫ್ರಾಂಕ್ ಬಿಲ್ಲಿಗೆ ಅದನ್ನು ಉಜ್ಜಿದರೆ, ಕಾರ್ಡು ಒಪ್ಪಿಕೊಳ್ಳುತ್ತದೆ. ಆದರೆ ಯೂರೋವನ್ನು ಫ್ರಾಂಕ್ ಮಾಡಿದ್ದಕ್ಕೆ ಮತ್ತೆ ಶುಲ್ಕ ಹಿಡಿಯುತ್ತದೆ. ಅದೂ ಹೆಚ್ಚು ಕಡಿಮೆ ಕ್ರೆಡಿಟ್ ಕಾರ್ಡಿನ ಮಾರ್ಕಪ್ಪಿನಷ್ಟೇ. ದರದಲ್ಲಿ ಒಮ್ಮೆ ಕೊಟ್ಟೆ, ಇಲ್ಲಿ ಇನ್ನೊಮ್ಮೆ ಕೊಟ್ಟೆ. ಆದ್ದರಿಂದ ಹಲವು ಕರೆನ್ಸಿ ಹಾಕಿಸಬಹುದಾದ ಕಾರ್ಡು ತಗೊಂಡು ಯೂರೋ ಬೇರೆ, ಸ್ವಿಸ್ ಫ್ರಾಂಕ್ ಬೇರೆ ತುಂಬಿಸು. ಕೊರುನಾ ನಮ್ಮ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಪ್ರಾಗ್‌ನಲ್ಲಿ ಮಾರ್ಕಪ್ ಕಡಿಮೆ ಇರುವ ಕ್ರೆಡಿಟ್ ಕಾರ್ಡೇ ವಾಸಿ.

ಪ್ರಾಗ್ ಮಾತು ಬಂತಲ್ಲ, ಅಲ್ಲಿನದೇ ಒಂದು ವಿಷಯ ಹೇಳುತ್ತೇನೆ. ಇದನ್ನು ಮಾತ್ರ ಅಪ್ಪ ಅಮ್ಮನಿಗೂ ಓದಿ ಹೇಳು. ಅಂಗಡಿಯವರು ಕಾರ್ಡ್ ಮೆಷಿನ್ ನಿನ್ನ ಕಡೆ ತಿರುಗಿಸುತ್ತಾರೆ. ಕಾರ್ಡು ಭಾರತದ್ದು ಅಂತ ಮೆಷಿನ್ನಿಗೆ ಗೊತ್ತಾಗುತ್ತದೆ. ತೆರೆಯ ಮೇಲೆ ಎರಡು ಮೊತ್ತ ಬರುತ್ತವೆ. ಒಂದರ ಪಕ್ಕದಲ್ಲಿ ಸಿಝಡ್‌ಕೆ, ಅಂದರೆ ಕೊರುನಾ, ಇನ್ನೊಂದರ ಪಕ್ಕದಲ್ಲಿ ಐಎನ್‌ಆರ್. ರೂಪಾಯಿ ಕಂಡ ತಕ್ಷಣ ನಮ್ಮದು ಅಂತ ಬೆರಳು ಅಲ್ಲಿಗೇ ಹೋಗುತ್ತದೆ. ಎಷ್ಟೋ ಸಲ ಅದೇ ಗುಂಡಿ ಹಸಿರು ಬಣ್ಣದಲ್ಲಿರುತ್ತದೆ, ದೊಡ್ಡದಾಗಿಯೂ ಇರುತ್ತದೆ. ಅದನ್ನು ಒತ್ತಬಾರದು. ಒತ್ತಿದರೆ ದರ ನಿರ್ಧರಿಸುವುದು ಆ ಅಂಗಡಿಯ ಮೆಷಿನ್ ಕಂಪನಿ. ಅವರಿಗೆ ಇಷ್ಟ ಬಂದ ದರ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತಾರೆ. ಹೊರದೇಶದಲ್ಲಿ ರೂಪಾಯಿಯಲ್ಲಿ ಕಟ್ಟಿದ್ದಕ್ಕೂ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಜರ್ಮನಿಯಲ್ಲಿ ಫಾರೆಕ್ಸ್ ಕಾರ್ಡಿಗೆ ಹೀಗಾದರೆ ಇನ್ನೂ ಅನ್ಯಾಯ. ನಿನ್ನ ಹತ್ತಿರ ಯೂರೋನೇ ಇರುತ್ತದೆ, ಬಿಲ್ಲೂ ಯೂರೋದಲ್ಲೇ ಇರುತ್ತದೆ, ನಡುವೆ ಸುಮ್ಮನೆ ರೂಪಾಯಿಗೆ ಹೋಗಿ ಬಂದು ಎರಡು ಸಲ ಕತ್ತರಿ ಬೀಳುತ್ತದೆ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, "ಪರಿವರ್ತನೆ ಒಪ್ಪುತ್ತೀರಾ?" ಅಂತ. ಬೇಡ ಅನ್ನು. ದುಡ್ಡು ಬರುತ್ತದೆ, ಹೆದರಬೇಡ. ಯಾವ ದೇಶದಲ್ಲಿದ್ದೀಯೋ ಆ ದೇಶದ ನಾಣ್ಯವನ್ನೇ ಒತ್ತು.

ಅಲ್ಲೇ ಬೀದಿಯಲ್ಲಿ ನೋಟು ಬದಲಾಯಿಸುವ ಅಂಗಡಿಗಳೂ ಇವೆ. ಚೆಕ್ ದೇಶದ ಕಾನೂನಿನಲ್ಲಿ 2019ರಿಂದ ಒಂದು ಅನುಕೂಲ ಇದೆ. 1,000 ಯೂರೋ ಬೆಲೆಯವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ರಸೀದಿ ಬಿಸಾಡಬೇಡ.

ಈಗ ಅಣ್ಣನ ವಾದಕ್ಕೆ ಬರುತ್ತೇನೆ. ಎಲ್ಲ ದುಡ್ಡೂ ಪ್ರೀಪೇಯ್ಡ್ ಕಾರ್ಡಿಗೆ ಹಾಕಿದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಗೊತ್ತಾ? ಹೋಟೆಲ್ಲಿನ ರಿಸೆಪ್ಶನ್‌ನಲ್ಲಿ. ಬಾಡಿಗೆ ಪೂರ್ತಿ ಕಟ್ಟಿದ್ದರೂ ಡೆಪಾಸಿಟ್‌ಗೆ ಅಂತ ಅವರು ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಾದರೆ ನಿನ್ನ ಲಿಮಿಟ್ಟಿನಲ್ಲಿ ಅಷ್ಟು ಕಡಿಮೆ ಕಾಣುತ್ತದೆ, ಜೇಬಿನಿಂದ ಏನೂ ಹೋಗುವುದಿಲ್ಲ. ಪ್ರೀಪೇಯ್ಡ್ ಆದರೆ ನಿನ್ನ ಸ್ವಂತ ದುಡ್ಡೇ ಅಲ್ಲಿ ಕೂತುಬಿಡುತ್ತದೆ. ರೂಮು ಖಾಲಿ ಮಾಡಿದ ಮೇಲೂ ಅದು ಬಿಡುಗಡೆ ಆಗಲು ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಇನ್ನೊಂದು ದೇಶದಲ್ಲಿ ಇರುತ್ತೀರಿ. ಮೂರು ಊರಿನ ಮೂರು ಹೋಟೆಲ್ಲಿನಲ್ಲಿ ಹೀಗಾದರೆ ಊಟಕ್ಕೆ ಅಂತ ಇಟ್ಟ ದುಡ್ಡೇ ಕೈಗೆ ಸಿಗುವುದಿಲ್ಲ. ಕಾರು ಬಾಡಿಗೆಯವರಂತೂ ತುಂಬಾ ಕಡೆ ಪ್ರೀಪೇಯ್ಡ್ ಕಾರ್ಡನ್ನು ಮುಟ್ಟುವುದೇ ಇಲ್ಲ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು ಅಂತಾರೆ. ಸ್ವಿಟ್ಜರ್ಲೆಂಡಿನಲ್ಲಿ ಕಾರು ತಗೊಳ್ಳುವ ಯೋಚನೆ ಇದೆ ಅಂದೆಯಲ್ಲ, ಬುಕ್ ಮಾಡುವಾಗಲೇ ಈ ಷರತ್ತು ಓದಿಕೋ.

ಇನ್ನೊಂದು, ಅಪ್ಪ ಅಮ್ಮನ ಆರೋಗ್ಯ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಮಾಡಿಸಿದ್ದೀರಿ, ಸರಿ. ಆದರೆ ಸಣ್ಣಪುಟ್ಟ ಚಿಕಿತ್ಸೆಗೆ ಎಷ್ಟೋ ಸಲ ಮೊದಲು ನಾವೇ ಕಟ್ಟಿ, ಆಮೇಲೆ ವಿಮೆಯವರಿಂದ ಪಡೆಯಬೇಕಾಗುತ್ತದೆ. ಅತ್ತಿಗೆಗೆ ಬಿಪಿ ಇದೆ. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಮೊದಲೇ ತುಂಬಿಸಿಟ್ಟ ಕಾರ್ಡು ಸಾಕಾಗದೆ ಹೋಗಬಹುದು. ಅಂಥ ಹೊತ್ತಿಗೆ ಅಂತಲೇ ಕ್ರೆಡಿಟ್ ಕಾರ್ಡಿನ ಲಿಮಿಟ್ಟನ್ನು ಖಾಲಿ ಇಟ್ಟುಕೊಂಡು ಹೋಗು. ಹೊರಡುವ ಮೊದಲು ಹಳೆಯ ಬಾಕಿ ಪೂರ್ತಿ ತೀರಿಸಿಬಿಡು. ಅಣ್ಣ ಸಾಲ ಅಂತ ಹೆದರುತ್ತಾನೆ, ಅವನ ಭಯ ಸುಳ್ಳಲ್ಲ. ಆದರೆ ಬಿಲ್ ಬಂದ ದಿನ ಪೂರ್ತಿ ಕಟ್ಟುವವನಿಗೆ ಅದು ಸಾಲವಲ್ಲ. ಕನಿಷ್ಠ ಮೊತ್ತ ಮಾತ್ರ ಕಟ್ಟಿ ಉಳಿದಿದ್ದು ಮುಂದಿನ ತಿಂಗಳು ಅನ್ನುವವನಿಗೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ 42ರಷ್ಟು ಬಡ್ಡಿ. ಪ್ರವಾಸದ ಫೋಟೋ ನೋಡುವಾಗಲೂ ಬಡ್ಡಿ ಕಟ್ಟುತ್ತಿದ್ದವರನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ನೀನು ಅವರಲ್ಲೊಬ್ಬ ಆಗಬಾರದು.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡ. ಅದಕ್ಕೆ ತೆಗೆದ ಶುಲ್ಕ ಬೇರೆ, ಮಾರ್ಕಪ್ ಬೇರೆ, ಬಡ್ಡಿ ಅವತ್ತಿನಿಂದಲೇ ಶುರು. ಬಿಲ್ ಬರುವವರೆಗೆ ಬಡ್ಡಿ ಇಲ್ಲ ಅನ್ನುವ ಸೌಲಭ್ಯ ನಗದಿಗೆ ಇಲ್ಲ. ನಗದು ಬೇಕಾದರೆ ಫಾರೆಕ್ಸ್ ಕಾರ್ಡು ಹಾಕು. ಅದಕ್ಕೂ ಪ್ರತಿ ಸಲ ಒಂದಿಷ್ಟು ಶುಲ್ಕ ಇದೆ, ಹಾಗಾಗಿ ಚೂರು ಚೂರು ತೆಗೆಯದೆ ಒಮ್ಮೆಲೇ ಬೇಕಾದಷ್ಟು ತೆಗೆ. ಜರ್ಮನಿಯಲ್ಲಿ ನಗದು ಬೇಕೇ ಬೇಕು. ಕೆಲವು ಬೇಕರಿ, ಸಣ್ಣ ಹೋಟೆಲ್ಲುಗಳಲ್ಲಿ ನಗದು, ಇಲ್ಲವೇ ಅವರದೇ ದೇಶದ ಗಿರೋಕಾರ್ಡ್ ಮಾತ್ರ ನಡೆಯುತ್ತದೆ. ಶೌಚಾಲಯಕ್ಕೂ ಚಿಲ್ಲರೆ ಬೇಕು. ಅಣ್ಣನ ಜೇಬಿನಲ್ಲಿ ಯಾವಾಗಲೂ ಒಂದಷ್ಟು ಯೂರೋ ನಾಣ್ಯ ಇರಲಿ.

ಕಾಗದಪತ್ರದ ಕೆಲಸ ಜಾಸ್ತಿ ಇಲ್ಲ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ಟು, ವೀಸಾ ಒಯ್ದು ಎ2 ಫಾರಂ ತುಂಬಿದರೆ ಆಯಿತು. ಅಣ್ಣ ಬೀರುವಿನಿಂದ ನೋಟಿನ ಕಂತೆ ತೆಗೆದುಕೊಟ್ಟರೆ ಬೇಡ ಅನ್ನು. ವಿದೇಶಿ ಹಣ ಕೊಳ್ಳಲು 50,000 ರೂಪಾಯಿಗಿಂತ ಜಾಸ್ತಿ ನಗದು ಕೊಡುವ ಹಾಗಿಲ್ಲ, ಖಾತೆಯಿಂದಲೇ ಹೋಗಬೇಕು. ವಿದೇಶಿ ಹಣ ಕೊಳ್ಳುವಾಗಲೇ ವಸೂಲಿ ಮಾಡುತ್ತಾರೆ ಅಂತ ನಿನ್ನ ಗೆಳೆಯ ಹೆದರಿಸಿದ ಟಿಸಿಎಸ್ ತೆರಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. 2025ರ ಏಪ್ರಿಲ್‌ನಿಂದ ಒಬ್ಬೊಬ್ಬರಿಗೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಾರ್ಡಿಗೆ ತುಂಬಿಸಿದರೆ ಅದು ಇಲ್ಲ. ಟೂರ್ ಪ್ಯಾಕೇಜ್ ಕೊಂಡರೆ ನಿಯಮ ಬೇರೆ, ನೀವೇನೂ ಪ್ಯಾಕೇಜ್ ತಗೊಂಡಿಲ್ಲವಲ್ಲ.

ಕಾರ್ಡು ಕೈಗೆ ಬಂದ ಮೇಲೆ ಆ್ಯಪ್ ತೆರೆದು ನೋಡು. ಕ್ರೆಡಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡದೆ ಹೋದರೆ ಅಲ್ಲಿ ಅದು ಕೆಲಸ ಮಾಡುವುದಿಲ್ಲ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಆನ್ ಮಾಡುವಾಗ ಎಟಿಎಂ ನಗದನ್ನು ಆಫ್ ಮಾಡಿಡು. ವಾಪಸ್ ಬಂದ ದಿನ ಎಲ್ಲವನ್ನೂ ಆಫ್ ಮಾಡು, ಯಾಕೆಂದರೆ ಹೊರಗಿನ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳುವುದೇ ಇಲ್ಲ. ನಿನ್ನ ಇಲ್ಲಿನ ಸಿಮ್‌ನಲ್ಲಿ ರೋಮಿಂಗ್ ಇರಲಿ, ಮೆಸೇಜ್ ಬರಬೇಕು. ಎರಡೂ ಕಾರ್ಡಿನ ಪಿನ್ ಬಾಯಿಪಾಠ ಆಗಿರಲಿ, ರೈಲ್ವೆ ಟಿಕೆಟ್ ಮೆಷಿನ್‌ಗಳು ಕೇಳುತ್ತವೆ.

ಎರಡೂ ಕಾರ್ಡು ಒಂದೇ ಪರ್ಸಿನಲ್ಲಿ ಇಡಬೇಡ. ಕಳ್ಳನಿಗೆ ಒಂದೇ ಕೈಯಲ್ಲಿ ಎಲ್ಲ ಸಿಕ್ಕಿದರೆ ಎರಡು ಕಾರ್ಡು ಮಾಡಿಸಿ ಏನು ಬಂತು? ಫಾರೆಕ್ಸ್ ಕಾರ್ಡಿನ ಜೊತೆ ಇನ್ನೊಂದು ಬದಲಿ ಕಾರ್ಡು ಕೊಡುವ ಬ್ಯಾಂಕುಗಳಿವೆ, ಕೇಳಿ ತಗೊಂಡು ಅತ್ತಿಗೆಯ ಚೀಲದಲ್ಲಿ ಇಡು. ಬ್ಯಾಂಕಿನ ಸಹಾಯವಾಣಿ ನಂಬರ್ ಕಾಗದದ ಮೇಲೆ ಬರೆದು ನಾಲ್ವರ ಹತ್ತಿರವೂ ಇರಲಿ. ಕಾರ್ಡು ಫೋನು ಎರಡೂ ಒಟ್ಟಿಗೇ ಕಳೆದರೆ ಆ ಕಾಗದವೇ ದಿಕ್ಕು. ಕಳೆದಿದ್ದು ಗೊತ್ತಾದ ತಕ್ಷಣ ಬ್ಲಾಕ್ ಮಾಡಿಸು, ನಾಳೆ ನೋಡೋಣ ಅನ್ನಬೇಡ.

ಹಾಗಾಗಿ ನನ್ನ ಮಾತು ಇಷ್ಟು. ಜರ್ಮನಿ, ಸ್ವಿಟ್ಜರ್ಲೆಂಡಿನ ದಿನದ ಖರ್ಚು, ನಗದು ಎಲ್ಲ ಫಾರೆಕ್ಸ್ ಕಾರ್ಡಿನಿಂದ. ಹೋಟೆಲ್ ಡೆಪಾಸಿಟ್, ಕಾರು, ಪ್ರಾಗ್ ಖರ್ಚು, ಆಪತ್ತಿನ ಹೊತ್ತು ಕ್ರೆಡಿಟ್ ಕಾರ್ಡಿನಿಂದ. ಒಮ್ಮೆಲೇ ಜಾಸ್ತಿ ತುಂಬಿಸಬೇಡ. ಕಡಿಮೆ ಬಿದ್ದರೆ ಅಲ್ಲಿಂದಲೇ ಆ್ಯಪ್‌ನಲ್ಲಿ ಮತ್ತೆ ತುಂಬಿಸಬಹುದಾದ ಕಾರ್ಡನ್ನೇ ಆರಿಸಿಕೋ. ಉಳಿದ ಯೂರೋವನ್ನು ವಾಪಸ್ ಕೊಡುವಾಗ ಬ್ಯಾಂಕು ಕೊಳ್ಳುವ ದರ ಹಿಡಿಯುತ್ತದೆ, ಅಲ್ಲೂ ನಷ್ಟವೇ.

ಶುಕ್ರವಾರ ದರ ಕೇಳಿಕೊಂಡು ಬಂದ ಮೇಲೆ ದುಡ್ಡು ಕಟ್ಟುವ ಮೊದಲು ನನಗೆ ವಾಟ್ಸಾಪ್ ಮಾಡು. ಶುಲ್ಕದ ಪಟ್ಟಿಯ ಫೋಟೋನೂ ಕಳಿಸು, ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿ ಹೇಳುತ್ತೇನೆ. ಅತ್ತಿಗೆಯ ಮಾತ್ರೆಗಳಿಗೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಲು ಮರೆಯಬೇಡ.

ಇಂತಿ ನಿನ್ನ ಪ್ರೀತಿಯ,
ಅತ್ತೆ