ಅಶೋಕದ ತೊಗಟೆ ಕುದಿಸುವ ಮೊದಲು

ಪ್ರಿಯ ಶ್ರೀಪಾದ,

ಅಕ್ಕನಿಗೆ ಮುಟ್ಟಿನ ಸ್ರಾವ ವಿಪರೀತ, ಕಾಂಪೌಂಡಿನ ಪಕ್ಕದ ಅಶೋಕದ ತೊಗಟೆ ಕೆತ್ತಿ ಕಷಾಯ ಮಾಡಿ ಕೊಡಲೇ ಎಂದು ಕೇಳಿದ್ದೀಯ. ಕೆತ್ತಬೇಡ. ನೀನು ಕಳಿಸಿದ ಚಿತ್ರದಲ್ಲಿರುವುದು ಔಷಧದ ಅಶೋಕವೇ ಅಲ್ಲ. ನೆಟ್ಟಗೆ ಬೆಳೆದು, ಕೊಂಬೆಗಳನ್ನೆಲ್ಲ ಕೆಳಕ್ಕೆ ಇಳಿಬಿಟ್ಟು, ಅಂಚು ಅಲೆಅಲೆಯಾದ ಉದ್ದನೆಯ ಎಲೆ ಹೊತ್ತಿರುವ ಆ ಮರ ಕಂಬದ ಮರ. ಶಾಲೆ, ಕಚೇರಿ, ಕಲ್ಯಾಣ ಮಂಟಪಗಳ ಮುಂದೆ ಸಾಲುಸಾಲಾಗಿ ನೆಡುವುದು ಇದನ್ನೇ. ಊರೆಲ್ಲ ಇದನ್ನು ಅಶೋಕ ಎಂದೇ ಕರೆಯುತ್ತದೆ, ನಿನ್ನ ತಪ್ಪೇನಿಲ್ಲ. ಸಸ್ಯಶಾಸ್ತ್ರದಲ್ಲಿ ಇದು ಪಾಲಿಆಲ್ತಿಯ ಲಾಂಗಿಫೋಲಿಯ, ಸೀತಾಫಲದ ಕುಟುಂಬದ್ದು. ಔಷಧದ ಅಶೋಕ ಸರಾಕ ಅಸೋಕ, ಹುಣಸೆ ಹತ್ತಿರದ ಸಂಬಂಧಿ. ಒಂದರ ಗುಣ ಇನ್ನೊಂದರಲ್ಲಿ ಹುಡುಕುವಂತಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ನಿಜವಾದ ಅಶೋಕ ಅಷ್ಟೇನೂ ಎತ್ತರವಿಲ್ಲದ, ದಟ್ಟ ನೆರಳಿನ ನಿತ್ಯಹಸಿರು ಮರ. ಒಂದೊಂದು ಎಲೆಯಲ್ಲೂ ನಾಲ್ಕರಿಂದ ಆರು ಜೊತೆ ಕಿರುಎಲೆ, ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಚಿಗುರು ಬಂದಾಗ ತಾಮ್ರದ ಬಣ್ಣದಲ್ಲಿ ಜೋತುಬಿದ್ದಿರುತ್ತದೆ, ಹಸ್ತ ಇಳಿಬಿಟ್ಟ ಹಾಗೆ. ಬಲಿತ ಮೇಲೆ ಹಸಿರಾಗಿ ಸೆಟೆದುಕೊಳ್ಳುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೋಡಿದರಂತೂ ಅನುಮಾನವೇ ಉಳಿಯುವುದಿಲ್ಲ: ಹಳೆಯ ಕೊಂಬೆಗಳಿಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಹೂ, ಮೊದಲು ಹಳದಿ-ಕಿತ್ತಳೆ, ಮುದಿಯಾದಂತೆ ಕೆಂಪು. ಆ ಹೂವಿಗೆ ದಳವೇ ಇಲ್ಲ. ದಳದಂತೆ ಕಾಣುವ ನಾಲ್ಕೂ ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಎಲೆಯಂಥ ಭಾಗಗಳು, ನಡುವಿನಿಂದ ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಕಂಬದ ಮರದ ಹೂ ತೆಳುಹಸಿರು, ನಕ್ಷತ್ರದಾಕಾರ, ಎಲೆಗಳ ನಡುವೆ ಕಣ್ಣಿಗೇ ಬೀಳದು.

ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಮಾರುಕಟ್ಟೆಯಲ್ಲಿ ಅಶೋಕದ ಚಕ್ಕೆ ಎಂದು ಮಾರುವುದರಲ್ಲಿ ಈ ಕಂಬದ ಮರದ ತೊಗಟೆ ಬೆರೆತಿರುವುದು, ಕೆಲವೊಮ್ಮೆ ಅದೊಂದೇ ಇರುವುದು, ಹಳೆಯ ಕತೆ. ನಿಜವಾದ ಮರ ಪಶ್ಚಿಮ ಘಟ್ಟದ ಹಳ್ಳ-ತೊರೆಗಳ ಬದಿಯಲ್ಲಿ ಬೆಳೆಯುವಂಥದ್ದು, ಈಗ ಅಪರೂಪವಾಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯದ ಅಂಚಿನ ಮರಗಳ ಸಾಲಿಗೆ ಸೇರಿದೆ. ಬೇಡಿಕೆ ಟನ್ನುಗಟ್ಟಲೆ, ಮರ ಬೆರಳೆಣಿಕೆ. ಕಲಬೆರಕೆ ಆಗದೆ ಇನ್ನೇನು?

ಆದ್ದರಿಂದ ಗ್ರಂಧಿಗೆ ಅಂಗಡಿಯಲ್ಲಿ ಪುಡಿಯನ್ನಂತೂ ಕೊಳ್ಳಬೇಡ. ಪುಡಿಯಾದ ಮೇಲೆ ಕಣ್ಣಿನಿಂದ ಯಾರೂ ಹೇಳಲಾರರು, ಸೂಕ್ಷ್ಮದರ್ಶಕ ಅಥವಾ ರಾಸಾಯನಿಕ ಪರೀಕ್ಷೆಯೇ ಬೇಕು. ಇಡೀ ಚಕ್ಕೆ ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿ. ಸರಿಯಾದ ತೊಗಟೆ ಒಣಗಿದಾಗ ದೋಣಿಯಂತೆ ಒಳಕ್ಕೆ ಬಾಗಿರುತ್ತದೆ. ಹೊರಮೈ ಕಡುಹಸಿರು ಇಲ್ಲವೇ ಹಸಿರುಮಿಶ್ರಿತ ಬೂದು, ಮೇಲೆ ದುಂಡಗಿನ ಸಣ್ಣ ಸಣ್ಣ ಉಬ್ಬುಚುಕ್ಕೆ, ಅಡ್ಡಡ್ಡ ಗೀರು. ಒಳಮೈ ಕೆಂಗಂದು, ಅದರಲ್ಲಿ ಉದ್ದಕ್ಕೆ ನವುರಾದ ಎಳೆಗಳು. ಈಗ ಮುರಿ. ಕಟ್ಟಿಗೆಯ ಸಿಬಿರು ಸೀಳಿದಂತೆ ಮುರಿಯಬೇಕು, ಮುರಿದ ಜಾಗದಲ್ಲಿ ಹೊರಪದರದ ಕೆಳಗೇ ತೆಳ್ಳಗಿನ ಬಿಳಿಚಿದ ಗೆರೆಯೊಂದು ಎಲ್ಲೂ ಕಡಿಯದೆ ಹಾದುಹೋಗಿರುವುದು ಕಾಣಬೇಕು. ನಾನು ಮೊದಲು ನೋಡುವುದು ಈ ಗೆರೆಯನ್ನೇ. ಒಂದು ಚೂರು ಬಾಯಲ್ಲಿಟ್ಟು ಅಗಿದರೆ ಬರೀ ಒಗರು, ಅಡಿಕೆಯ ಚೊಗರಿಗಿಂತ ಹೆಚ್ಚು, ನಾಲಿಗೆ ಹಿಡಿದುಕೊಳ್ಳುತ್ತದೆ. ಚಕ್ಕೆ ಮುರಿಯದೆ ನಾರುನಾರಾಗಿ ಪಟ್ಟಿಯ ಹಾಗೆ ಸುಲಿದು ಬಂದರೆ, ಒಳಮೈಯಲ್ಲಿ ಕೆಂಪಿನ ಸುಳಿವೇ ಇಲ್ಲದಿದ್ದರೆ, ವಾಪಸ್ ಕೊಟ್ಟುಬಿಡು.

ಇನ್ನು ಔಷಧದ ಮಾತು. ಆಯುರ್ವೇದದ ಲೆಕ್ಕದಲ್ಲಿ ಇದರ ರುಚಿ ಒಗರು ಮತ್ತು ಕಹಿ, ವೀರ್ಯ (ಮೈಮೇಲೆ ತೋರುವ ಬಿಸಿ-ತಂಪಿನ ಪ್ರಭಾವ) ಶೀತ, ಗುಣ ಲಘು ಮತ್ತು ರೂಕ್ಷ. ಅಂದರೆ ಹಿಡಿದು ನಿಲ್ಲಿಸುವ, ತಂಪು ಮಾಡುವ, ಒಣಗಿಸುವ ದ್ರವ್ಯ. ಚರಕ ಇದನ್ನು ನೋವು ಶಮನ ಮಾಡುವ ವೇದನಾಸ್ಥಾಪನ ಗುಂಪಿನಲ್ಲಿ ಸೇರಿಸಿದ್ದಾನೆ, ಸುಶ್ರುತ ಲೋಧ್ರಾದಿ ಗಣ ಎಂಬ ಮೂಲಿಕೆಗಳ ಗುಂಪಿನಲ್ಲಿ. ಅತಿಸ್ರಾವಕ್ಕೆ, ಶಾಸ್ತ್ರ ಹೇಳುವ ರಕ್ತಪ್ರದರಕ್ಕೆ, ಇದು ಮುಖ್ಯ ಮದ್ದಾದದ್ದು ನಂತರದ ಸಂಗ್ರಹ ಗ್ರಂಥಗಳಲ್ಲಿ. ಬಿಳಿಸೆರಗಿಗೂ ಕೊಡುತ್ತಾರೆ. ಒಣಗಿದ ಹೂವನ್ನು ರಕ್ತಭೇದಿಗೆ, ಬೀಜದ ಪುಡಿಯನ್ನು ಮೂತ್ರದ ತೊಂದರೆಗೆ ಬಳಸುವ ರೂಢಿಯೂ ಇದೆ, ಆದರೆ ಮರದ ಹೆಸರು ನಿಂತಿರುವುದು ತೊಗಟೆಯ ಮೇಲೆ.

ಕಷಾಯಕ್ಕೆ ಭಾರತದ ಆಯುರ್ವೇದ ಔಷಧಕೋಶ ಹೇಳುವ ಪ್ರಮಾಣ ದಿನಕ್ಕೆ 20ರಿಂದ 30 ಗ್ರಾಂ ತೊಗಟೆ. 25 ಗ್ರಾಂ ಹಿಡಿದುಕೊಳ್ಳೋಣ. ತರಿತರಿಯಾಗಿ ಕುಟ್ಟು, ನುಣ್ಣಗೆ ಬೇಡ. ನುಣ್ಣಗಾದರೆ ತಳ ಹಿಡಿಯುತ್ತದೆ, ಸೋಸಿದರೂ ಗಸಿ ಉಳಿದು ಹೊಟ್ಟೆ ತೊಳಸುತ್ತದೆ. ಗಟ್ಟಿ ತೊಗಟೆಯಾದ್ದರಿಂದ ಹದಿನಾರು ಪಟ್ಟು ನೀರು, ಅಂದರೆ 400 ಮಿಲಿ. ಸಮಯವಿದ್ದರೆ ರಾತ್ರಿಯೇ ನೆನೆಹಾಕು. ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ, 100 ಮಿಲಿಗೆ, ಇಳಿಸು. ದೊಡ್ಡ ಉರಿಯಲ್ಲಿ ಹತ್ತೇ ನಿಮಿಷಕ್ಕೆ ನೀರು ಇಂಗಿಸಿದರೆ ಅಳತೆ ಸರಿಯಾಗಿರುತ್ತದೆ, ಸಾರ ಇಳಿದಿರುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಬೆಳಿಗ್ಗೆ ಸಂಜೆ 50 ಮಿಲಿಯಂತೆ. ಬಣ್ಣ ಕೆಂಗಂದು ಬರಬೇಕು. ಕಬ್ಬಿಣದ ಬಾಣಲೆಯಲ್ಲಿ ಮಾಡಲೇಬೇಡ: ತೊಗಟೆಗೆ ಒಗರು ಕೊಡುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಷಾಯ ಶಾಯಿಯ ಹಾಗೆ ಕಪ್ಪಾಗುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಸಾಕು. ದಿನದ್ದು ದಿನಕ್ಕೆ ಮಾಡಿಕೊಳ್ಳಬೇಕು, ಮಾರನೆಯ ದಿನಕ್ಕೆ ಇಟ್ಟರೆ ಹುಳಿಯುತ್ತದೆ.

ಅತಿಸ್ರಾವಕ್ಕೆ ಬರೀ ಕಷಾಯಕ್ಕಿಂತ ಹಾಲಿನ ಪಾಕವೇ ಮೇಲು ಎಂಬುದು ನನ್ನ ಅಭಿಪ್ರಾಯ. ಒಗರೂ ಒಣಗಿಸುವ ಗುಣವೂ ಇರುವ ತೊಗಟೆಗೆ ಹಾಲಿನ ಜಿಡ್ಡು ಸೇರಿದರೆ ದೇಹಕ್ಕೆ ಒಗ್ಗುತ್ತದೆ, ಮಲಬದ್ಧತೆಯೂ ಕಡಿಮೆ. ಸಾಮಾನ್ಯ ಸೂತ್ರ ಒಂದು ಪಾಲು ಮದ್ದು, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. 10 ಗ್ರಾಂ ತೊಗಟೆಗೆ 80 ಮಿಲಿ ಹಾಲು, 320 ಮಿಲಿ ನೀರು, ಹಾಲಿನಷ್ಟೇ ಉಳಿಯುವವರೆಗೆ ಕಾಯಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮೂರನ್ನೂ ಒಟ್ಟಿಗೆ ಸುರಿದು ಜೋರು ಉರಿ ಕೊಟ್ಟರೆ ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದು ಹಾಲು ಒಡೆದು ಹೋಗುತ್ತದೆ. ಮೊದಲು ತೊಗಟೆಯನ್ನು ಆ ನೀರಿನಲ್ಲಿ ಅರ್ಧಕ್ಕೆ ಕುದಿಸಿ ಸೋಸಿಕೋ. ಆಮೇಲೆ ಆ ಕಷಾಯಕ್ಕೆ ಹಾಲು ಬೆರೆಸಿ, ಕೈಯಾಡಿಸುತ್ತಾ ಮಂದ ಉರಿಯಲ್ಲಿ ಇಂಗಿಸು. ಹಳೆಯ ವೈದ್ಯಗ್ರಂಥಕಾರ ಚಕ್ರದತ್ತನ ವಿಧಾನವೂ ಹೆಚ್ಚುಕಡಿಮೆ ಇದೇ: ಅಶೋಕದ ಕಷಾಯದಲ್ಲಿ ಕಾಯಿಸಿದ ಹಾಲು, ಚೆನ್ನಾಗಿ ಆರಿದ ಮೇಲೆ, ಬೆಳಿಗ್ಗೆ, ಜೀರ್ಣಶಕ್ತಿ ನೋಡಿಕೊಂಡು. ಆರಿದ ಮೇಲೆ ಎಂಬುದನ್ನು ಬಿಡಬೇಡ. ಸ್ರಾವ ಹೆಚ್ಚಿರುವಾಗ ಬಿಸಿಬಿಸಿ ಕುಡಿಸುವ ಪದ್ಧತಿ ಇಲ್ಲ.

ಅಶೋಕಾರಿಷ್ಟವನ್ನೂ, ಅಂದರೆ ಅಶೋಕದ ಕಷಾಯಕ್ಕೆ ಬೆಲ್ಲ ಹಾಕಿ ಹುದುಗಿಸಿದ ಮದ್ದನ್ನೂ, ಮನೆಯಲ್ಲೇ ಮಾಡಬಹುದೇ ಎಂದು ಕೇಳಿದ್ದೀಯ. ಬೇಡ, ಆದರೆ ಅದರೊಳಗೆ ಏನಿದೆ ಎಂದು ತಿಳಿದಿರಲಿ. ಇದು ಭೈಷಜ್ಯ ರತ್ನಾವಳಿ ಎಂಬ ಆಯುರ್ವೇದ ಗ್ರಂಥದ ಪಾಠ. ಇಂದಿನ ತೂಕಕ್ಕೆ ಇಳಿಸಿದರೆ 4.8 ಕಿಲೊ ತೊಗಟೆಯನ್ನು ಸುಮಾರು 49 ಲೀಟರ್ ನೀರಿನಲ್ಲಿ ಕುದಿಸಿ 12 ಲೀಟರ್ ಚಿಲ್ಲರೆಗೆ ಇಳಿಸಿ, ಅದಕ್ಕೆ 9.6 ಕಿಲೊ ಬೆಲ್ಲ, ಹುದುಗು ಬರಿಸಲು 768 ಗ್ರಾಂ ಧಾತಕಿ ಹೂ. ಮೇಲೆ ಜೀರಿಗೆ, ಕೊನ್ನಾರಿ ಗಡ್ಡೆ, ಒಣಶುಂಠಿ, ಮರದರಿಶಿನ, ನೈದಿಲೆ, ಅಳಲೆ, ತಾರೆ, ನೆಲ್ಲಿ, ಮಾವಿನ ಗೊರಟಿನ ತಿರುಳು, ಆಡುಸೋಗೆ, ಗಂಧ ಮೊದಲಾದವು ತಲಾ 48 ಗ್ರಾಂ. ಭರಣಿಯ ಬಾಯಿ ಮುಚ್ಚಿ ಒಂದು ತಿಂಗಳು ಹುದುಗಿಸಬೇಕು. ಕೆಡುವುದಕ್ಕೆ ದಾರಿ ಬಹಳ. ಕಷಾಯ ಆರುವ ಮೊದಲೇ ಧಾತಕಿ ಹೂ ಹಾಕಿದರೆ ಹುದುಗು ಸತ್ತೇ ಹೋಗುತ್ತದೆ. ಬಿಳಿಚಿಸಲು ಗಂಧಕದ ರಾಸಾಯನಿಕ ಹಾಕಿದ ಬೆಲ್ಲವಾದರೆ ಸರಿಯಾಗಿ ಹುದುಗದೆ ಹೋಗಬಹುದು. ಭರಣಿ ಕಂಠದವರೆಗೆ ತುಂಬಿದರೆ ಉಕ್ಕಿ ಹೊರಬರುತ್ತದೆ, ಗಾಳಿಯಾಡಿದರೆ ವಿನೆಗರ್ ಆಗುತ್ತದೆ. ಒಳಗಿನ ಗುಳುಗುಳು ಸದ್ದು ನಿಂತು, ತೇಲುತ್ತಿದ್ದ ಪುಡಿ ತಳಕ್ಕೆ ಕೂತು, ಬಾಯಿಯ ಬಳಿ ಹಿಡಿದ ಉರಿಯುವ ಕಡ್ಡಿ ಆರದೆ ಇದ್ದರೆ ಹುದುಗುವಿಕೆ ಮುಗಿದಿದೆ ಎಂದರ್ಥ.

ಬಾಟಲಿ ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದು. ಸರಾಕ ಅಸೋಕ ಎಂಬ ಹೆಸರೂ ಕಾಂಡದ ತೊಗಟೆ ಎಂಬುದೂ ಇರಬೇಕು. 12ರಿಂದ 24 ಮಿಲಿ, ಅಷ್ಟೇ ನೀರು ಬೆರೆಸಿ, ಊಟವಾದ ಮೇಲೆ. ತಾನಾಗಿ ಹುಟ್ಟಿದ ಮದ್ಯಸಾರ ಅದರಲ್ಲಿ ಇದ್ದೇ ಇರುತ್ತದೆ, ಬೆಲ್ಲದ ಪ್ರಮಾಣ ಮೇಲೆಯೇ ನೋಡಿದೆ. ಸಕ್ಕರೆ ಕಾಯಿಲೆಯವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇದು ಸಲ್ಲದು. ಸೋಂಕಿಗೆ ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ಅರಿಷ್ಟ ನಿಲ್ಲಿಸಬೇಕು.

ಇನ್ನೊಂದು ರೂಢಿ ನನಗೆ ಸರಿಬರುವುದಿಲ್ಲ: ಹೆಂಗಸರ ಟಾನಿಕ್ ಎಂದು ಮುಟ್ಟಿನ ಎಲ್ಲ ತೊಂದರೆಗೂ ಇದನ್ನೇ ಕೊಡುವುದು. ಇದು ಹಿಡಿದು ನಿಲ್ಲಿಸುವ ಮದ್ದು. ಸ್ರಾವ ಕಡಿಮೆ ಇರುವ, ತಿಂಗಳುಗಟ್ಟಲೆ ಮುಟ್ಟೇ ಆಗದ ಹುಡುಗಿಗೆ ಕೊಟ್ಟರೆ ಉಲ್ಟಾ. ಅಂಥ ಕಡೆ ವೈದ್ಯರು ಯೋಚಿಸುವುದು ಲೋಳೆಸರದಿಂದ ಮಾಡುವ ಕುಮಾರ್ಯಾಸವದಂಥದ್ದನ್ನು. ಗರ್ಭಿಣಿಯರಿಗೂ, ಗರ್ಭ ನಿಂತಿರಬಹುದು ಎಂಬ ಅನುಮಾನ ಇದ್ದವರಿಗೂ ವೈದ್ಯರನ್ನು ಕೇಳದೆ ಕೊಡಬಾರದು.

ಈಗ ಅಕ್ಕನ ವಿಷಯ. ತೊಗಟೆಗಿಂತ ಮೊದಲು ರಕ್ತ ಏಕೆ ಹೋಗುತ್ತಿದೆ ಎಂದು ಗೊತ್ತಾಗಬೇಕು. ಗರ್ಭಕೋಶದ ನಾರುಗಡ್ಡೆ, ಪಾಲಿಪ್, ಥೈರಾಯ್ಡ್ ಏರುಪೇರು, ಕಾಪರ್-ಟಿ, ರಕ್ತ ಹೆಪ್ಪುಗಟ್ಟುವ ದೋಷ, ಎಲ್ಲವೂ ಹೊರಗೆ ಕಾಣುವುದು ಒಂದೇ ರೀತಿ. ದೊಡ್ಡ ಗಡ್ಡೆ ಒಳಗೆ ಕೂತಿದ್ದರೆ ಎಷ್ಟು ಅಶೋಕ ಕುಡಿದರೂ ಅದು ಕರಗುವುದಿಲ್ಲ, ಕಾದ ಕಾಲ ಮಾತ್ರ ಕಳೆಯುತ್ತದೆ. ಈ ತೊಗಟೆಯ ಮೇಲೆ ಪ್ರಯೋಗಾಲಯದ ಕೆಲಸ ಸಾಕಷ್ಟು ನಡೆದಿದೆ. ಹೆಚ್ಚು ಮಂದಿ ರೋಗಿಗಳ ಮೇಲೆ ಕಟ್ಟುನಿಟ್ಟಾಗಿ ನಡೆದ ಪರೀಕ್ಷೆ ವಿರಳ. ಅದಕ್ಕೇ ಹಿಮೋಗ್ಲೋಬಿನ್, ಥೈರಾಯ್ಡ್, ಕೆಳಹೊಟ್ಟೆಯ ಸ್ಕ್ಯಾನ್ ಮೂರನ್ನೂ ಈ ವಾರವೇ ಮಾಡಿಸು. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ತಲೆಸುತ್ತು ಬಂದರೆ, ಎದೆ ಡವಗುಟ್ಟಿದರೆ ಕಷಾಯ ಇಡುತ್ತಾ ಕೂರಬೇಡ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮುಟ್ಟು ನಿಂತು ವರ್ಷವಾದವರಿಗೆ ಮತ್ತೆ ರಕ್ತ ಕಂಡರೂ ಅಷ್ಟೇ, ಅದು ಒಂದು ಹನಿಯಾದರೂ ಸರಿ. ಗಂಭೀರವಾದದ್ದೇನೂ ಇಲ್ಲ ಎಂದಾದರೆ ಆಯುರ್ವೇದ ವೈದ್ಯರ ಕಣ್ಗಾವಲಲ್ಲಿ ಹಾಲಿನ ಪಾಕ ಶುರುಮಾಡಬಹುದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಬಾಣಲೆಯಲ್ಲಿ ಆದದ್ದೇ ಹೊಟ್ಟೆಯಲ್ಲೂ ಆಗಿ ಕಬ್ಬಿಣ ಮೈಗೆ ಹತ್ತುವುದಿಲ್ಲ.

ತೋಟದಲ್ಲಿ ಜಾಗವಿದೆ ಎಂದಿದ್ದೆಯಲ್ಲ, ಅಲ್ಲಿ ನಿಜವಾದ ಅಶೋಕ ನೆಡು. ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ; ಮಾಗಿ ಉದುರಿದ್ದನ್ನು ಹಸಿಯಾಗಿರುವಾಗಲೇ ಒಂದು ರಾತ್ರಿ ನೀರಲ್ಲಿ ನೆನೆಸಿ ಊರಬೇಕು. ಮೊದಲ ವರ್ಷಗಳಲ್ಲಿ ನೆರಳು, ತೇವ ಎರಡೂ ಬೇಕು. ಬಾಳೆ ಅಥವಾ ಅಡಿಕೆಯ ನಡುವೆ ಒಳ್ಳೆಯದು, ಬಯಲು ಬಿಸಿಲಿಗೆ ಎಲೆ ಅಂಚು ಸುಡುತ್ತದೆ. ತೊಗಟೆಗೆ ಇಪ್ಪತ್ತು ವರ್ಷವಾದರೂ ಕಾಯಬೇಕು. ಆಗಲೂ ಕಾಂಡವನ್ನು ಸುತ್ತಲೂ ಸುಲಿಯಬಾರದು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕವೇ, ಉಂಗುರದ ಹಾಗೆ ಸುಲಿದರೆ ಬೇರು ಹಸಿದು ಮರ ಸಾಯುತ್ತದೆ. ಒಂದು ಬದಿಯಿಂದ ಉದ್ದಕ್ಕೆ ಕಿರಿದಾದ ಪಟ್ಟಿ, ಅದು ಮುಚ್ಚಿಕೊಂಡ ಮೇಲೆ ಎದುರು ಬದಿ. ಇಲ್ಲವೇ ಕತ್ತರಿಸಿದ ದಪ್ಪ ಕೊಂಬೆಯದ್ದನ್ನು ತೆಗೆದು ನೆರಳಲ್ಲಿ ಒಣಗಿಸು. ಕಾಡಿನ ಮರಕ್ಕಂತೂ ಕೈಹಾಕಬೇಡ, ಅನುಮತಿ ಇಲ್ಲದೆ ಮೀಸಲು ಅರಣ್ಯದಲ್ಲಿ ತೊಗಟೆ ತೆಗೆಯುವುದು ಅಪರಾಧ.

ಗ್ರಂಧಿಗೆ ಅಂಗಡಿಯಿಂದ ಚಕ್ಕೆ ತಂದರೆ ಮುರಿದ ಅಂಚಿನ ಚಿತ್ರ ಹತ್ತಿರದಿಂದ ತೆಗೆದು ಕಳಿಸು, ಆ ಬಿಳಿ ಗೆರೆ ಕಾಣುವ ಹಾಗೆ. ಅಕ್ಕನ ವರದಿಗಳನ್ನು ಅದಕ್ಕಿಂತ ಮೊದಲೇ ಕಳಿಸು.

ಇಂತಿ,
ನಿನ್ನ ಗೆಳೆಯ